ಹಲ್ಲಿಗೆ ಕ್ಲಿಪ್ ಇದ್ದವರ ಮೌತ್‌ಗಾರ್ಡ್: ‘ಡಬಲ್ ಬ್ರೇಸಸ್’ ಯಾವ ಆಟಕ್ಕೆ ಸರಿ, ಯಾವುದಕ್ಕೆ ಸಾಲದು

ತೀರ್ಪು ಮೊದಲೇ ಹೇಳಿಬಿಡೋಣ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡು ಕುಸ್ತಿ, ಜೂಡೊ, ಜಿಯು-ಜಿತ್ಸು ಕಲಿಯುತ್ತಿರುವವರು ಶಾಕ್ ಡಾಕ್ಟರ್ ಕಂಪನಿಯ ‘ಡಬಲ್ ಬ್ರೇಸಸ್’ ಮೌತ್‌ಗಾರ್ಡ್ ಕೊಂಡರೆ ದುಡ್ಡು ದಂಡವಲ್ಲ. ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್ ಮಾಡುವವರಿಗೆ ಬ್ಯಾಗ್, ಪ್ಯಾಡ್, ಹಗುರ ಸ್ಪಾರಿಂಗ್, ಅಂದರೆ ಜೊತೆಗಾರರೊಡನೆ ಅಭ್ಯಾಸದ ಕಾದಾಟದವರೆಗೆ ಇದು ನಡೆಯುತ್ತದೆ. ಜೋರು ಸ್ಪಾರಿಂಗ್‌ಗೂ ಸ್ಪರ್ಧೆಗೂ ದಂತವೈದ್ಯರು ಅಚ್ಚು ತೆಗೆದು ಮಾಡಿಕೊಡುವ ಗಾರ್ಡೇ ಬೇಕು. ಬಿಸಿನೀರಿನಲ್ಲಿ ಅದ್ದಿ ಕಚ್ಚುವ ಮಾಮೂಲಿ ಗಾರ್ಡ್ ಎಷ್ಟೇ ಅಗ್ಗವಾಗಿ ಸಿಕ್ಕರೂ ಕ್ಲಿಪ್ ಇರುವವರಿಗಲ್ಲ.

ಕ್ಲಿಪ್ ಇರುವ ಬಾಯಿಗೆ ಪೆಟ್ಟು ಬಿದ್ದಾಗ ಮೊದಲು ಹರಿಯುವುದು ತುಟಿ ಮತ್ತು ಕೆನ್ನೆಯ ಒಳಭಾಗ. ಹಲ್ಲಿಗೆ ಅಂಟಿಸಿ ವೈರ್ ಹಾಯಿಸುವ ತುಣುಕು, ಅಂದರೆ ಬ್ರಾಕೆಟ್, ಸಣ್ಣದು, ಆದರೆ ಅದರ ನಾಲ್ಕು ರೆಕ್ಕೆ ಮತ್ತು ಕೊಕ್ಕೆ ಚೂಪು. ಗುದ್ದು ತುಟಿಯನ್ನು ಅವುಗಳ ಮೇಲೆ ಒತ್ತಿ ಜಾರಿಸಿದರೆ ಗಾಯ ಉದ್ದವಾಗುತ್ತದೆ. ಕೆಲವೊಮ್ಮೆ ತುಟಿಯ ಒಳಪದರ ಕೊಕ್ಕೆಗೇ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಹಲ್ಲುಗಳೂ ಆಗ ಗಟ್ಟಿ ನಿಂತಿರುವುದಿಲ್ಲ. ಚಿಕಿತ್ಸೆ ನಡೆಯುವಾಗ ಬೇರಿನ ಒಂದು ಬದಿಯ ಮೂಳೆ ಕರಗಿ ಇನ್ನೊಂದು ಬದಿಯಲ್ಲಿ ಹೊಸದು ಕಟ್ಟುತ್ತಿರುತ್ತದೆ, ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್‌ನಷ್ಟು ಸರಿಯುತ್ತಿರುತ್ತದೆ. ಹಾಗಾಗಿ ಕ್ಲಿಪ್ ಇರುವವರ ಗಾರ್ಡ್‌ಗೆ ಇಬ್ಬಗೆಯ ಕೆಲಸ: ಲೋಹಕ್ಕೂ ತುಟಿಗೂ ನಡುವೆ ಗೋಡೆಯಾಗಬೇಕು, ಹಲ್ಲು ಸರಿಯುವುದಕ್ಕೆ ಅಡ್ಡವೂ ಆಗಬಾರದು. ಈ ಎರಡನೆಯದನ್ನು ಮರೆತೇ ಹೆಚ್ಚಿನವರು ತಪ್ಪು ಗಾರ್ಡ್ ಕೊಳ್ಳುತ್ತಾರೆ.

ಡಬಲ್ ಬ್ರೇಸಸ್ ಎಂದರೆ

ಇದು ಪೂರ್ತಿ ಸಿಲಿಕೋನ್‌ನದು. ಮೇಲಿನ ಸಾಲಿಗೊಂದು, ಕೆಳಗಿನ ಸಾಲಿಗೊಂದು ಕಾಲುವೆ; ಎರಡೂ ಕೂಡಿ ಒಂದೇ ತುಂಡು. ಬ್ರಾಕೆಟ್‌ಗಳು ಕೂರುವ ಕಡೆ ಒಳಗೋಡೆಯಲ್ಲಿ ಅಗಲದ ಜಾಗ ಬಿಟ್ಟಿದ್ದಾರೆ. ಮುಂದುಗಡೆ ನಡುವೆ ಉಸಿರಾಡಲು ತೂತಿದೆ. ಕುದಿಸುವುದು, ಕಚ್ಚುವುದು ಯಾವುದೂ ಇಲ್ಲ. ಪೆಟ್ಟಿಗೆಯಿಂದ ತೆಗೆದು ತೊಳೆದು ಬಾಯಿಗಿಟ್ಟರೆ ಮುಗಿಯಿತು. ಸಿಲಿಕೋನ್ ಹಲ್ಲಿನ ಆಕಾರಕ್ಕೆ ಅಚ್ಚಾಗಿ ಗಟ್ಟಿಯಾಗುವುದಿಲ್ಲ. ಈ ತಿಂಗಳು ಕೋರೆಹಲ್ಲು ಇದ್ದ ಜಾಗ ಬರುವ ತಿಂಗಳು ಬದಲಾದರೂ ಅದೇ ಗಾರ್ಡ್ ಹಿಡಿಯುತ್ತದೆ. ವೈರ್ ಬದಲಿಸಿಕೊಂಡು ಬಂದ ಮೇಲೂ ಹೊಸದು ಕೊಳ್ಳಬೇಕಿಲ್ಲ. ಇದರ ದೊಡ್ಡ ಗುಣ ಇದೇ.

ಇದೇ ಕಂಪನಿಯ ಸಿಂಗಲ್ ‘ಬ್ರೇಸಸ್’ ಮಾದರಿ ಮೇಲಿನ ಸಾಲಿಗೆ ಮಾತ್ರ. ಕೆಳಗೂ ಕ್ಲಿಪ್ ಬಂದ ಮೇಲೆ ಅದು ಅರ್ಧ ರಕ್ಷಣೆ. ಕೆಳತುಟಿ ನೇರವಾಗಿ ಕೆಳಗಿನ ಬ್ರಾಕೆಟ್‌ಗಳ ಮೇಲೇ ಇರುತ್ತದಲ್ಲ. ವೈದ್ಯರು ಮೇಲಿನ ಸಾಲಿಗೆ ಮೊದಲು ಹಾಕಿ ಕೆಲವು ತಿಂಗಳ ನಂತರ ಕೆಳಗೆ ಹಾಕುವುದುಂಟು. ಆ ನಡುವಿನ ಅವಧಿಗೆ ಸಿಂಗಲ್ ಸಾಕು.

ಅಳತೆ ಎರಡು: 10 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಯೂತ್, 11 ಮತ್ತು ಅದಕ್ಕಿಂತ ದೊಡ್ಡವರಿಗೆ ಅಡಲ್ಟ್. ವಯಸ್ಸು ನೋಡಿ ಬಾಯಿಯ ಅಳತೆ ಹೇಳುವುದು ಅಷ್ಟು ಸರಿಯಲ್ಲ. ಸಣ್ಣ ಮೈಕಟ್ಟಿನ 12ರ ಹುಡುಗಿಗೆ ಅಡಲ್ಟ್ ಗಾರ್ಡ್‌ನ ಹಿಂಬದಿ ಗಂಟಲ ಹತ್ತಿರ ತಾಗಿ ವಾಂತಿ ಬಂದಂತಾಗಬಹುದು. ಹಾಗಾದರೆ ಅಳತೆ ಬದಲಿಸಿ, ಕತ್ತರಿ ಹಿಡಿಯಬೇಡಿ. ಸಿಲಿಕೋನ್ ಮೆತ್ತಗಿದ್ದರೂ ಅದಕ್ಕೆ ಹರಿಯುವ ದೋಷವಿದೆ. ಅಂಚಿನಲ್ಲಿ ಒಂದು ಸಣ್ಣ ಕಚ್ಚು ಬಿದ್ದರೆ ಸೀಳು ಅಲ್ಲಿಂದಲೇ ಮುಂದುವರಿಯುತ್ತದೆ.

ಕೊಳ್ಳುವಾಗ ಗಮನಿಸಬೇಕಾದದ್ದು ಸ್ಟ್ರ್ಯಾಪ್. ಸ್ಟ್ರ್ಯಾಪ್ ಇರುವ ಮಾದರಿ ಹೆಲ್ಮೆಟ್‌ನ ಜಾಲರಿಗೆ ಕಟ್ಟಲು, ಅಂದರೆ ಅಮೆರಿಕನ್ ಫುಟ್‌ಬಾಲ್, ಐಸ್ ಹಾಕಿಗೆ. ಕಾದಾಟದ ಆಟಗಳಲ್ಲಿ ಅದಕ್ಕೆ ಕೆಲಸವಿಲ್ಲ. ಬಾಯಿಂದ ಹೊರಗೆ ಜೋತುಬಿದ್ದ ಪಟ್ಟಿಗೆ ಎದುರಾಳಿಯ ಬೆರಳು ಸಿಕ್ಕರೆ ಗಾರ್ಡ್ ಜೊತೆಗೆ ಬ್ರಾಕೆಟ್ಟೂ ಬಂದೀತು. ಸ್ಟ್ರ್ಯಾಪ್ ಇಲ್ಲದ್ದನ್ನೇ ತೆಗೆದುಕೊಳ್ಳಿ.

ಪೆಟ್ಟಿಗೆಯ ಮೇಲೆ 10,000 ಡಾಲರ್‌ನ ದಂತ ವಾರಂಟಿ ಎಂದು ದೊಡ್ಡದಾಗಿ ಅಚ್ಚಾಗಿರುವುದನ್ನು ಕಾಣುತ್ತೀರಿ. ಅದು ಅಮೆರಿಕದ ಗ್ರಾಹಕರನ್ನು ನೋಡಿ ಬರೆದದ್ದು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಆನ್‌ಲೈನ್‌ನಲ್ಲಿ ತರಿಸಿಕೊಂಡವರು ಅದನ್ನು ಲೆಕ್ಕಕ್ಕೆ ಹಿಡಿಯದೆ ಬೆಲೆ ತೂಗಿ ನೋಡುವುದು ವಾಸಿ. ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರುವ ಚೀಟಿ ಇಲ್ಲದ ಪೆಟ್ಟಿಗೆಯನ್ನು ವಾಪಸ್ ಮಾಡಿ. ಬಾಯಿಗಿಡುವ ವಸ್ತು, ನಕಲಿ ಸಿಲಿಕೋನ್‌ನಲ್ಲಿ ಏನು ಬೆರೆಸಿದ್ದಾರೋ ಯಾರು ಬಲ್ಲರು?

ಕೂರಿಸಿ ನೋಡುವ ಬಗೆ

ಕನ್ನಡಿ ಎದುರು ನಿಂತು ಮೊದಲು ಮೇಲಿನ ಕಾಲುವೆಗೆ ಮೇಲಿನ ಹಲ್ಲು ಕೂರಿಸಿ, ಆಮೇಲೆ ಕೆಳದವಡೆಯನ್ನು ನಿಧಾನ ಮುಚ್ಚಿ. ತುಟಿಯನ್ನು ಬೆರಳಿನಿಂದ ಎತ್ತಿ ನೋಡಿದರೆ ಬ್ರಾಕೆಟ್‌ಗಳೆಲ್ಲ ಗೋಡೆಯ ಒಳಗಿರಬೇಕು, ಯಾವುದೂ ಅಂಚಿನ ಮೇಲೆ ಹತ್ತಿ ಕೂತಿರಬಾರದು. ಗಾರ್ಡ್‌ನ ಅಂಚು ತುಟಿಯನ್ನೂ ದವಡೆಯನ್ನೂ ಸೇರಿಸುವ ತೆಳು ಪೊರೆಗೆ ಕೊರೆಯುತ್ತಿದೆಯೇ ನೋಡಿ. ಅಲ್ಲಿ ಹುಣ್ಣಾದರೆ ವಾರಗಟ್ಟಲೆ ಮಾಯದು. ಹಗುರಾಗಿ ಕಚ್ಚಿ ಹೆಬ್ಬೆರಳಿನಿಂದ ಮುಂದಿನಿಂದ ಹಿಂದಕ್ಕೆ ತಳ್ಳಿ. ಎರಡೂ ಬದಿಯ ದವಡೆಹಲ್ಲುಗಳು ಒಂದೇ ಸಮ ಒತ್ತಿರಬೇಕು, ಗಾರ್ಡ್ ಒಂದು ಕಡೆಗೆ ವಾಲಬಾರದು. ಕೊನೆಗೆ ಅದನ್ನು ಹಾಕಿಕೊಂಡೇ ಮೂರು ನಿಮಿಷ ಹಗ್ಗ ಹಾರಿ. ಮೂಗು ಕಟ್ಟಿದವರಿಗೆ ಈ ಪರೀಕ್ಷೆಯಲ್ಲೇ ಉತ್ತರ ಸಿಗುತ್ತದೆ.

ವಾಲುವುದಕ್ಕೆ ಸಾಮಾನ್ಯ ಕಾರಣ ಬೈಟ್ ಟರ್ಬೊ. ಮೇಲಿನ ಹಲ್ಲು ಕೆಳಗಿನ ಬ್ರಾಕೆಟ್‌ಗೆ ಬಡಿಯದಿರಲಿ ಎಂದು ಆರ್ಥೋಡಾಂಟಿಸ್ಟ್‌ಗಳು, ಅಂದರೆ ಕ್ಲಿಪ್ ಹಾಕುವ ದಂತತಜ್ಞರು, ದವಡೆಹಲ್ಲಿನ ಮೇಲೋ ಮುಂದಿನ ಹಲ್ಲಿನ ಹಿಂದೆಯೋ ಅಂಟಿಸುವ ದಿಬ್ಬ ಅದು. ಹೆಚ್ಚಾಗಿ ನೀಲಿ ಬಣ್ಣದ್ದಿರುತ್ತದೆ. ಚಪ್ಪಟೆ ತಳದ ಸಿಲಿಕೋನ್ ಆ ದಿಬ್ಬದ ಮೇಲೆ ಹತ್ತಿ ಕೂರುತ್ತದೆ, ಉಳಿದ ಕಡೆ ಸಡಿಲ. ಪೆಟ್ಟು ಬಿದ್ದರೆ ಭಾರವೆಲ್ಲ ಆ ಒಂದೇ ಹಲ್ಲಿನ ಮೇಲೆ. ಅಂಗುಳಿನಲ್ಲಿ ದವಡೆ ಅಗಲಿಸುವ ಎಕ್ಸ್‌ಪ್ಯಾಂಡರ್ ಇದ್ದವರಿಗೂ, ಒಸಡಿನ ಬಳಿ ಮಿನಿ ಸ್ಕ್ರೂ ಹಾಕಿಸಿಕೊಂಡವರಿಗೂ ಈ ಸಿದ್ಧ ಗಾರ್ಡ್ ಹೊಂದುವುದಿಲ್ಲ. ಒಳಗೋಡೆ ಎಕ್ಸ್‌ಪ್ಯಾಂಡರ್‌ಗೆ, ಹೊರಗೋಡೆ ಸ್ಕ್ರೂವಿನ ತಲೆಗೆ ತಾಗುತ್ತದೆ. ಇವರೆಲ್ಲ ಆನ್‌ಲೈನ್ ಅಂಗಡಿ ಬಿಟ್ಟು ನೇರ ವೈದ್ಯರ ಕುರ್ಚಿಗೆ ಹೋಗುವುದೇ ಸರಿ.

ಎಲ್ಲಿ ಸೋಲುತ್ತದೆ

ಹಿಡಿತ ಇದಕ್ಕಿಲ್ಲ. ಹಲ್ಲಿಗೆ ಅಚ್ಚಾಗದ ವಸ್ತು ಹಲ್ಲನ್ನು ಹಿಡಿಯುವುದೂ ಇಲ್ಲ. ಬಾಯಿ ತೆರೆದ ಕೂಡಲೇ ಜಾರುತ್ತದೆ. ಡಬಲ್ ಮಾದರಿ ನಿಲ್ಲುವುದು ದವಡೆ ಮುಚ್ಚಿ ಕಚ್ಚಿದ ಬಲದಿಂದ ಮಾತ್ರ. ಕುಸ್ತಿಯಲ್ಲಿ ಇದು ದೊಡ್ಡ ತೊಡಕಲ್ಲ. ಅಲ್ಲಿ ಬರುವ ಒತ್ತಡ ಮುಂಗೈಯಿಂದ ಬಾಯಿಯ ಅಡ್ಡಕ್ಕೆ ಉಜ್ಜಿ ಬರುವಂಥದು, ಪೈಲ್ವಾನರು ಹಲ್ಲು ಕಚ್ಚಿಕೊಂಡೇ ಇರುತ್ತಾರೆ, ಮೇಲಿನ ತುಟಿಯಂತೆ ಕೆಳತುಟಿಯೂ ಉಜ್ಜಿಹೋಗುವುದರಿಂದ ಎರಡೂ ಸಾಲು ಮುಚ್ಚುವ ಗಾರ್ಡ್ ಬೇಕೇ ಬೇಕು. ಗರಡಿಯ ಮಟ್ಟಿಯಲ್ಲಿ ಆಡುವವರು ಒಂದು ಬಾಟಲಿ ಕುಡಿಯುವ ನೀರು ಪಕ್ಕದಲ್ಲಿಟ್ಟುಕೊಂಡರೆ ಒಳ್ಳೆಯದು. ಕೆಳಗೆ ಬಿದ್ದ ಗಾರ್ಡ್ ಎಣ್ಣೆ ಬೆರೆತ ಕೆಂಪು ಮಣ್ಣನ್ನು ಕಾಲುವೆಯ ತುಂಬ ಹಿಡಿದುಕೊಳ್ಳುತ್ತದೆ, ಒರೆಸಿದರೆ ಹೋಗುವುದಿಲ್ಲ.

ಬಾಕ್ಸಿಂಗ್‌ನ ಲೆಕ್ಕ ಬೇರೆ. ಮೂರನೆಯ ಸುತ್ತಿಗೆ ಬರುವ ಹೊತ್ತಿಗೆ ದಣಿವಿನಿಂದ ಬಾಯಿ ತಾನೇ ತೆರೆಯುತ್ತದೆ. ಸಡಿಲ ಗಾರ್ಡ್ ಇದ್ದಲ್ಲಿ ಇರುವುದಿಲ್ಲ. ಬಿದ್ದರೆ ರೆಫರಿ ಆಟ ನಿಲ್ಲಿಸಿ ತೊಳೆಸಿ ಕೊಡಬೇಕು, ಮತ್ತೆ ಮತ್ತೆ ಬಿದ್ದರೆ ಎಚ್ಚರಿಕೆ. ಇನ್ನೂ ಕೆಟ್ಟದ್ದೆಂದರೆ, ಬಾಯಿ ತೆರೆದಿರುವಾಗ ಗದ್ದಕ್ಕೆ ಬಿದ್ದ ಹುಕ್, ಅಂದರೆ ಪಕ್ಕದಿಂದ ಬೀಸಿದ ಗುದ್ದು, ಕೆಳದವಡೆಯನ್ನು ಪಕ್ಕಕ್ಕೆ ತಿರುಗಿಸುತ್ತದೆ, ಕಿವಿಯ ಮುಂದಿನ ಕೀಲಿಗೆ ಅದರ ಪೂರ್ತಿ ಭಾರ. ಹಿಡಿತವಿಲ್ಲದ ಗಾರ್ಡ್ ಆ ಕ್ಷಣ ಹಲ್ಲುಗಳ ನಡುವೆ ಇರುವುದೇ ಅನುಮಾನ. ಡಬಲ್ ಗಾರ್ಡ್ ಹಾಕಿಕೊಂಡು ಮಾತಾಡಲೂ ಆಗುವುದಿಲ್ಲ. ಸ್ಪಾರಿಂಗ್‌ನಲ್ಲಿ ‘ನಿಲ್ಲಿಸು’ ಎನ್ನುವುದಕ್ಕೆ ಕೈ ಸನ್ನೆಯನ್ನು ಕೋಚ್ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಬೇಕು.

ಮೌತ್‌ಗಾರ್ಡ್ ಇದ್ದರೆ ಮೆದುಳಿಗೆ ಪೆಟ್ಟಾಗುವುದಿಲ್ಲ ಎಂದು ಕೆಲವು ಜಾಹೀರಾತುಗಳು ಸೂಚಿಸುವುದುಂಟು. ಅದನ್ನು ನಂಬಿ ಯಾರೂ ಕೊಳ್ಳಬಾರದು. ಗಾರ್ಡ್ ಕಾಯುವುದು ಹಲ್ಲು, ತುಟಿ, ನಾಲಿಗೆಯನ್ನು. ದವಡೆಗೂ ಸ್ವಲ್ಪ ಆಸರೆ.

ಬಿಸಿನೀರಿನ ಗಾರ್ಡ್ ಏಕೆ ಬೇಡ

ಇವು ಇವಿಎ ಎಂಬ ಪ್ಲಾಸ್ಟಿಕ್‌ನವು. ಬಿಸಿಗೆ ಮೆತ್ತಗಾಗಿ, ಕಚ್ಚಿದಾಗ ಸಿಕ್ಕ ಸಂದಿಗೆಲ್ಲ ಇಳಿದು, ತಣ್ಣಗಾದಾಗ ಅಲ್ಲೇ ಗಟ್ಟಿಯಾಗುವುದು ಅದರ ಸ್ವಭಾವ. ಬರಿಯ ಹಲ್ಲಿಗೆ ಅದು ವರ. ಕ್ಲಿಪ್ ಇರುವ ಬಾಯಿಯಲ್ಲಿ ಅದೇ ಪ್ಲಾಸ್ಟಿಕ್ ಬ್ರಾಕೆಟ್‌ನ ರೆಕ್ಕೆಯಡಿ, ವೈರ್‌ನ ಹಿಂದೆ ಹೊಕ್ಕು ಕೊಂಡಿಯಾಗುತ್ತದೆ. ಎಳೆದು ತೆಗೆಯುವಾಗ ಗಾರ್ಡ್ ಜೊತೆ ಬ್ರಾಕೆಟ್‌ನ ಅಂಟು ಬಿಡುತ್ತದೆ. ಹೇಗೋ ತೆಗೆದರೂ, ಅಚ್ಚಾಗಿರುವುದು ಆ ದಿನದ ಹಲ್ಲಿನ ಸಾಲು. ತಿಂಗಳು ಕಳೆದು ಅದೇ ಗಾರ್ಡ್ ಒತ್ತಿ ಹಾಕಿಕೊಂಡರೆ ವೈರ್ ಎಳೆಯುವ ದಿಕ್ಕಿಗೆ ಎದುರಾಗಿ ಹಲ್ಲನ್ನು ತಳ್ಳುತ್ತೀರಿ.

ಕ್ಲಿಪ್‌ಗೆಂದೇ ಮಾಡಿದ ಬಿಸಿನೀರಿನ ಗಾರ್ಡ್‌ಗಳೂ ಇವೆ; ಬ್ರಿಟನ್ನಿನ ಓಪ್ರೋ ಕಂಪನಿ ಅಂಥವನ್ನು ಮಾಡುತ್ತದೆ. ಬ್ರಾಕೆಟ್‌ಗೆ ಜಾಗ ಬಿಟ್ಟೇ ಅಚ್ಚಾಗುವ ವಿನ್ಯಾಸ ಅದು, ಮಾಮೂಲಿಯ ಜೊತೆ ಸೇರಿಸಿ ಬಯ್ಯುವುದು ನ್ಯಾಯವಲ್ಲ. ಸಿಲಿಕೋನ್‌ಗಿಂತ ಹಿಡಿತ ಚೆನ್ನ. ಆದರೆ ಹಲ್ಲು ಸರಿದಂತೆ ಮತ್ತೆ ಅಚ್ಚು ಹಾಕುತ್ತಿರಬೇಕು, ನೀರಿನ ಬಿಸಿ ಮತ್ತು ಅದ್ದುವ ಸೆಕೆಂಡುಗಳಲ್ಲಿ ಪೆಟ್ಟಿಗೆಯ ಸೂಚನೆ ಮೀರಬಾರದು. ಪೆಟ್ಟಿಗೆಯ ಮೇಲೆ ‘ಬ್ರೇಸಸ್’ ಎಂದು ಸ್ಪಷ್ಟವಾಗಿ ಬರೆದಿಲ್ಲದ ಯಾವ ಬಿಸಿನೀರಿನ ಗಾರ್ಡನ್ನೂ ‘ಸ್ವಲ್ಪ ಮೇಣ ಹಚ್ಚಿಕೊಂಡು ಕಚ್ಚಿ’ ಎಂದು ಕೊಡುವ ಅಂಗಡಿಯವರ ಮಾತು ಕೇಳಬೇಡಿ. ಬಿಸಿ ಇವಿಎ ತಾಗಿದರೆ ಆ ಮೇಣ ಕರಗಿ ಪಕ್ಕಕ್ಕೆ ಸರಿಯುತ್ತದೆ.

ದಂತವೈದ್ಯರು ಮಾಡಿಕೊಡುವುದು

ಇದನ್ನು ಸರಿಯಾಗಿ ಮಾಡಿಸುವುದರಲ್ಲೇ ಇದರ ಬೆಲೆ ಇದೆ, ಆದ್ದರಿಂದ ಕೆಲಸ ಹೇಗೆ ನಡೆಯಬೇಕೆಂದು ತಿಳಿದಿದ್ದರೆ ಕೇಳಿ ಮಾಡಿಸಬಹುದು. ಅಳತೆ ತೆಗೆಯುವ ಮುನ್ನ ಬ್ರಾಕೆಟ್‌ಗಳಿಗೆ ಮೇಣ ಮೆತ್ತುತ್ತಾರೆ, ಇಲ್ಲದಿದ್ದರೆ ಅಳತೆ ತೆಗೆಯುವ ಲೇಪವಾದ ಆಲ್ಜಿನೇಟ್ ವೈರ್‌ಗೆ ಸಿಕ್ಕಿ ಹರಿಯುತ್ತದೆ. ಅಳತೆಯಲ್ಲಿ ಗಾರೆ ಸುರಿದು ಹಲ್ಲಿನ ಪ್ರತಿರೂಪ ಎರಕ ಹೊಯ್ಯುತ್ತಾರೆ. ಆ ಪ್ರತಿರೂಪದ ಮೇಲೆ ಬ್ರಾಕೆಟ್ ಮತ್ತು ವೈರ್‌ನ ಸುತ್ತ ಗಾರೆ ಅಥವಾ ಬಿಸಿಗೆ ಕರಗದ ರಾಳ ತುಂಬಿ ಸಂದಿಗಳನ್ನು ಮುಚ್ಚಬೇಕು, ಹಲ್ಲು ಸರಿಯಲಿರುವ ದಿಕ್ಕಿನಲ್ಲಿ ಇನ್ನಷ್ಟು ತುಂಬಿ ಜಾಗ ಬಿಡಬೇಕು. ಎರಡನೆಯದನ್ನು ಮಾಡಲು ಚಿಕಿತ್ಸೆಯ ಯೋಜನೆ ಗೊತ್ತಿರಬೇಕು. ಆದ್ದರಿಂದ ಕ್ಲಿಪ್ ಹಾಕಿದ ಆರ್ಥೋಡಾಂಟಿಸ್ಟ್ ಒಬ್ಬರು, ಗಾರ್ಡ್ ಮಾಡುವವರು ಇನ್ನೊಬ್ಬರಾದರೆ ಇಬ್ಬರೂ ಮಾತಾಡಿಕೊಳ್ಳಬೇಕು. ಇದೇ ಹೆಚ್ಚಾಗಿ ತಪ್ಪಿಹೋಗುವ ಹಂತ.

ಆಮೇಲೆ ಇವಿಎ ಹಾಳೆಯನ್ನು ಕಾಯಿಸಿ ಯಂತ್ರದಲ್ಲಿ ಎರಕದ ಮೇಲೆ ಒತ್ತುತ್ತಾರೆ. ‘ಎಷ್ಟು ಮಿಲಿಮೀಟರ್ ಹಾಳೆ’ ಎಂದು ಕೇಳುವುದಕ್ಕಿಂತ ‘ಮುಗಿದ ಮೇಲೆ ಮುಂದಿನ ಹಲ್ಲಿನ ಎದುರು ಎಷ್ಟು ಉಳಿಯುತ್ತದೆ’ ಎಂದು ಕೇಳಿ. ಹಾಳೆ ಹಿಗ್ಗುವಾಗ ಅಲ್ಲಿ ಕಾಲುಭಾಗದಿಂದ ಅರ್ಧದವರೆಗೂ ತೆಳುವಾಗುತ್ತದೆ. ಗುದ್ದು, ಒದೆತದ ಆಟಗಳಿಗೆ ಮುಂಭಾಗದಲ್ಲಿ 3 ಮಿಲಿಮೀಟರ್ ಆದರೂ ಉಳಿಯಬೇಕು, 4 ಇದ್ದರೆ ಇನ್ನೂ ವಾಸಿ. 3 ಮಿಲಿಮೀಟರ್‌ನ ಒಂದೇ ಹಾಳೆಯಿಂದ ಅದು ಬರುವುದಿಲ್ಲ. ಎರಡು ಹಾಳೆ ಒಂದರ ಮೇಲೊಂದು ಒತ್ತಿ ಬೆಸೆದ ಗಾರ್ಡ್ ಕೇಳಿ ಪಡೆಯಿರಿ. ಕಚ್ಚುವ ಕಡೆ 2ರಿಂದ 3 ಮಿಲಿಮೀಟರ್ ಸಾಕು, ಅಂಗುಳಿನ ಕಡೆ ತೆಳ್ಳಗಿದ್ದಷ್ಟು ಮಾತು, ಉಸಿರು ಸಲೀಸು.

ಈ ಗಾರ್ಡ್ ಸಾಮಾನ್ಯವಾಗಿ ಮೇಲಿನ ಸಾಲಿಗೆ. ಕೆಳಗಿನ ಬ್ರಾಕೆಟ್‌ಗಳಿಗೆ ಸ್ಪಾರಿಂಗ್‌ಗೆ ಮುಂಚೆ ಆರ್ಥೋ ಮೇಣವನ್ನು ಒಂದೇ ಪಟ್ಟಿಯಾಗಿ ಮೆತ್ತಿಕೊಳ್ಳಬಹುದು. ಹಲ್ಲು ಒರೆಸಿ ಒಣಗಿಸಿ ಹಚ್ಚಿದರೆ ಮಾತ್ರ ನಿಲ್ಲುತ್ತದೆ. ಆಟ ಮುಗಿದ ಮೇಲೆ ಪೂರ್ತಿ ತೆಗೆಯಿರಿ. ಕೆಲವು ತಿಂಗಳಿಗೊಮ್ಮೆ ಗಾರ್ಡ್ ಬಿಗಿಯಾಗತೊಡಗುತ್ತದೆ, ಆಗ ಹೊಸದೇ ಗತಿ. ಖರ್ಚು ಇರುವುದು ಇಲ್ಲಿ. ಆರ್ಥೋಡಾಂಟಿಕ್ಸ್ ವಿಭಾಗವಿರುವ ದಂತ ಕಾಲೇಜುಗಳು ಬೆಂಗಳೂರು, ಮೈಸೂರು, ಧಾರವಾಡ, ಬೆಳಗಾವಿ, ಮಣಿಪಾಲಗಳಲ್ಲಿವೆ. ಖಾಸಗಿ ಕ್ಲಿನಿಕ್‌ಗೆ ಹೋಗುವ ಮುಂಚೆ ಅಲ್ಲಿ ವಿಚಾರಿಸುವುದು ಜಾಣತನ.

ನಿಯಮಗಳು

ಅಂತರರಾಷ್ಟ್ರೀಯ ಟೇಕ್ವಾಂಡೊ ನಿಯಮದಂತೆ ಗಾರ್ಡ್ ಬಿಳಿ ಅಥವಾ ಪಾರದರ್ಶಕವಾಗಿರಬೇಕು. ಅಂದರೆ ನೀಲಿ, ಕಪ್ಪು ಡಬಲ್ ಬ್ರೇಸಸ್ ತರಬೇತಿಗೆ ಮಾತ್ರ. ಅಮೆಚೂರ್ ಬಾಕ್ಸಿಂಗ್‌ನಲ್ಲಿ ಕೆಂಪು, ಅರೆಕೆಂಪು ಗಾರ್ಡ್ ನಿಷಿದ್ಧ, ರಕ್ತ ಯಾವುದು ಗಾರ್ಡ್ ಯಾವುದು ಎಂದು ರೆಫರಿಗೆ ತಿಳಿಯಬೇಕಲ್ಲ. ವಿಶ್ವ ಕರಾಟೆ ಫೆಡರೇಷನ್ನಿನ ಕುಮಿತೆ, ಅಂದರೆ ಎದುರಾಳಿಯೊಡನೆ ಕಾದಾಡುವ ಸ್ಪರ್ಧೆಯಲ್ಲಿ, ಲೋಹದ ಕ್ಲಿಪ್ ಇರುವವರು ರೆಫರಿ ಮತ್ತು ಅಧಿಕೃತ ವೈದ್ಯರ ಒಪ್ಪಿಗೆ ಪಡೆಯಬೇಕು, ಗಾಯದ ಹೊಣೆಯೂ ಆಟಗಾರರದೇ. ಅಮೆರಿಕದ ಹೈಸ್ಕೂಲ್ ಕುಸ್ತಿಯಲ್ಲಿ ಕ್ಲಿಪ್ ಇರುವವರಿಗೆ ಅದನ್ನು ಮುಚ್ಚುವ ಗಾರ್ಡ್ ಕಡ್ಡಾಯ. ಅಲ್ಲಿನ ಕನ್ನಡದ ಮನೆಗಳ ಮಕ್ಕಳು ಕುಸ್ತಿಗೆ ಸೇರಿದರೆ ಡಬಲ್ ಮಾದರಿಯೇ ಸುಲಭದ ದಾರಿ. ಇಲ್ಲಿ ಯಾವುದೇ ಟೂರ್ನಿಗೆ ಹೋಗುವಾಗ ಆರ್ಥೋಡಾಂಟಿಸ್ಟ್ ಲೆಟರ್‌ಹೆಡ್‌ನಲ್ಲಿ ಬರೆದ ಒಂದು ಪತ್ರ ಬ್ಯಾಗಿನಲ್ಲಿರಲಿ. ತೂಕ ನೋಡುವ ಮೇಜಿನ ಹತ್ತಿರ ವಾದ ಮಾಡುವುದು ತಪ್ಪುತ್ತದೆ.

ದಿನದ ಅಭ್ಯಾಸ, ಕೆಟ್ಟ ದಿನದ ಉಪಚಾರ

ಹೊಸದಾಗಿ ಕ್ಲಿಪ್ ಅಂಟಿಸಿದ ದಿನ ಗಾರ್ಡ್ ಬೇಡ, ಅಂಟಿಗೆ ಪೂರ್ತಿ ಬಲ ಬರಲು ಒಂದು ದಿನ ಬಿಡಿ. ಮೊದಲ ವಾರ ಕೆನ್ನೆಯೊಳಗೆ ಹುಣ್ಣು ಸಹಜ; ಕಾಲ್ಗತಿ, ಶ್ಯಾಡೊ (ಎದುರಾಳಿಯಿಲ್ಲದೆ ಗಾಳಿಯಲ್ಲಿ ಗುದ್ದುವ ಅಭ್ಯಾಸ), ಬ್ಯಾಗ್ ಸಾಕು. ನಾಲ್ಕರಿಂದ ಆರು ವಾರಕ್ಕೊಮ್ಮೆ ವೈರ್ ಬಿಗಿ ಮಾಡಿಸಿ ಬಂದ ಮೇಲೆ ಎರಡು ಮೂರು ದಿನ ಹಲ್ಲು ಕಚ್ಚಲಾಗದಷ್ಟು ನೋಯುತ್ತದೆ. ಕಚ್ಚಲಾಗದವರ ಬಾಯಲ್ಲಿ ಡಬಲ್ ಗಾರ್ಡ್ ನಿಲ್ಲುವುದೇ ಇಲ್ಲ, ಆ ದಿನಗಳಲ್ಲಿ ಸ್ಪಾರಿಂಗ್ ಬಿಡಿ. ಕ್ಯಾಲೆಂಡರ್ ನೋಡಿ ಟೂರ್ನಿಗೆ ವಾರ ಮುಂಚೆ ಅಪಾಯಿಂಟ್‌ಮೆಂಟ್ ಬರದಂತೆ ಹೊಂದಿಸಿಕೊಳ್ಳಿ. ಹಲ್ಲಿಗೆ ಹಾಕುವ ಸಣ್ಣ ರಬ್ಬರ್‌ಗಳನ್ನು ಆಟಕ್ಕೆ ಮುಂಚೆ ತೆಗೆದು, ಮುಗಿದ ಕೂಡಲೇ ಹೊಸವನ್ನು ಹಾಕಿಕೊಳ್ಳುವ ಬಗ್ಗೆ ವೈದ್ಯರ ಒಪ್ಪಿಗೆ ಪಡೆಯಿರಿ. ಸ್ಪಾರಿಂಗ್‌ಗೆ ಬಾಯಿ ಎದುರು ಅಡ್ಡಪಟ್ಟಿ ಇರುವ ಹೆಡ್‌ಗಾರ್ಡ್ ಸಿಕ್ಕರೆ ಅದನ್ನೇ ಆರಿಸಿ. ತೆರೆದ ಮುಖದ ಹೆಡ್‌ಗಾರ್ಡ್ ಹಲ್ಲಿಗೇನೂ ಮಾಡುವುದಿಲ್ಲ.

ಪ್ರತಿ ಬಾರಿ ಗಾರ್ಡ್ ಹಾಕುವ ಮುಂಚೆ ನಾಲಿಗೆಯನ್ನು ಎರಡೂ ಬದಿಯ ಕೊನೆಯ ದವಡೆಹಲ್ಲಿನ ಹಿಂದೆ ಆಡಿಸಿ. ತೆಳು ವೈರ್ ಒಂದು ಕಡೆ ಸರಿದು ತುದಿ ಹೊರಬಂದಿದ್ದರೆ ಅಲ್ಲಿ ಚುಚ್ಚುತ್ತದೆ. ಪೆನ್ಸಿಲ್‌ನ ಹಿಂದಿನ ಶುಚಿಯಾದ ರಬ್ಬರ್‌ನಿಂದ ಅದನ್ನು ಹಲ್ಲಿನ ಕಡೆ ಬಾಗಿಸಿ, ಮೇಣ ಮೆತ್ತಿ. ಬ್ರಾಕೆಟ್ ಕಿತ್ತು ವೈರ್ ಮೇಲೆ ತಿರುಗುತ್ತಿದ್ದರೆ ಎಳೆಯಬೇಡಿ, ಮೇಣದಿಂದ ನಿಲ್ಲಿಸಿ, ಆ ದಿನ ಮತ್ತೆ ಕಾದಾಟಕ್ಕೆ ಇಳಿಯಬೇಡಿ.

ತುಟಿ ಕೊಕ್ಕೆಗೆ ಸಿಕ್ಕಿದ್ದರೆ ಹೊರಕ್ಕೆ ಎಳೆಯದೆ ಒಳಕ್ಕೆ, ಹಲ್ಲಿನ ಕಡೆಗೇ ಸ್ವಲ್ಪ ಒತ್ತಿ ಬಿಡಿಸಿ. ರಕ್ತಕ್ಕೆ ಗಾಯಕ್ಕೆ ಕಟ್ಟುವ ಶುಚಿಯಾದ ತೆಳು ಹತ್ತಿಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ. ನಡುನಡುವೆ ತೆಗೆದು ನೋಡುತ್ತಿದ್ದರೆ ಅದು ನಿಲ್ಲದು. ತುಟಿಯ ಹೊರಗೆರೆ ದಾಟಿದ ಗಾಯಕ್ಕೆ ಹೊಲಿಗೆ ಬೇಕು. ಶಾಶ್ವತ ಹಲ್ಲು ಪೂರ್ತಿ ಕಳಚಿದರೆ ಬೇರು ಮುಟ್ಟದೆ ಮೇಲ್ಭಾಗ ಹಿಡಿದು, ಮಣ್ಣಾಗಿದ್ದರೆ ಹಾಲಿನಲ್ಲೋ ಸಲೈನ್‌ನಲ್ಲೋ ಅದ್ದಿ ತೊಳೆದು, ಸಾಧ್ಯವಾದರೆ ಅದರ ಗೂಡಿಗೇ ಕೂರಿಸಿ; ಆಗದಿದ್ದರೆ ತಣ್ಣನೆಯ ಹಾಲಿನಲ್ಲಿಡಿ; ಎರಡರಲ್ಲಿ ಯಾವುದೇ ಆದರೂ ಒಂದು ಗಂಟೆಯೊಳಗೆ ದಂತವೈದ್ಯರ ಬಳಿ ಹೋಗಬೇಕು, ಬೇಗ ಹೋದಷ್ಟೂ ಒಳ್ಳೆಯದು. ಕಚ್ಚಿದಾಗ ಹಲ್ಲುಗಳು ಮೊದಲಿನಂತೆ ಕೂಡುತ್ತಿಲ್ಲ, ಕೆಳತುಟಿ ಮರಗಟ್ಟಿದೆ ಎಂದರೆ ದವಡೆ ಮುರಿದಿರಬಹುದು, ಕ್ಲಿನಿಕ್‌ಗಲ್ಲ, ಆಸ್ಪತ್ರೆಗೆ.

ಗಾರ್ಡನ್ನು ಆಟ ಮುಗಿದೊಡನೆ ತಣ್ಣೀರು, ಸೋಪು, ಮೆತ್ತನೆ ಬ್ರಷ್‌ನಿಂದ ತೊಳೆಯಿರಿ. ಪೇಸ್ಟ್ ಗೀರುತ್ತದೆ. ತೂತಿರುವ ಡಬ್ಬಿಯಲ್ಲಿ ಒಣಗಿಸಿ. ವೈದ್ಯರು ಮಾಡಿದ ಇವಿಎ ಗಾರ್ಡನ್ನು ಬಿಸಿಲಲ್ಲಿ ನಿಂತ ಕಾರಿನಲ್ಲೋ ಸ್ಕೂಟರ್ ಡಿಕ್ಕಿಯಲ್ಲೋ ಬಿಟ್ಟರೆ ಆಕಾರ ಕೆಡುತ್ತದೆ; ಸಿಲಿಕೋನ್‌ಗೆ ಆ ಭಯವಿಲ್ಲ. ಡಬಲ್ ಬ್ರೇಸಸ್‌ನ ಕಚ್ಚುವ ತಳದಲ್ಲಿ ಸೀಳು ಕಂಡರೆ, ಬ್ರಾಕೆಟ್ ಕೂರುವ ಗೋಡೆಯಲ್ಲಿ ತೂತು ಬಿದ್ದರೆ ಅವತ್ತೇ ಬದಲಿಸಿ. ಕ್ಲಿಪ್ ಬಿಚ್ಚಿಸಿದ ಮೇಲೆ ಇದನ್ನು ಮುಂದುವರಿಸಬೇಡಿ, ಬ್ರಾಕೆಟ್‌ಗೆ ಬಿಟ್ಟ ಜಾಗವೆಲ್ಲ ಖಾಲಿಯಾಗಿ ಗಾರ್ಡ್ ಇನ್ನೂ ಸಡಿಲವಾಗುತ್ತದೆ. ಆಗ ಮಾಮೂಲಿ ಬಿಸಿನೀರಿನ ಗಾರ್ಡ್ ಹಾಕಬಹುದು. ಸಾಲಾದ ಹಲ್ಲು ಮತ್ತೆ ಸರಿಯದಂತೆ ಹಿಡಿಯುವ, ತೆಗೆದಿಡಬಹುದಾದ ರಿಟೈನರ್ ಇದ್ದರೆ ಗಾರ್ಡ್ ಹಾಕುವ ಮುಂಚೆ ಬಾಯಿಂದ ತೆಗೆದು ಡಬ್ಬಿಯಲ್ಲಿಡಿ. ಹಲ್ಲಿನ ಹಿಂದೆ ಅಂಟಿಸಿದ ತಂತಿಯಿದ್ದರೆ ಅಚ್ಚು ಹಾಕುವ ದಿನ ವೈದ್ಯರಿಗೆ ತೋರಿಸಿ.